ಚಾಲನದಂಡದ ಸೂಕ್ಷ್ಮತೆ: ಯುದ್ಧವಿಮಾನದ ನಿಯಂತ್ರಣ ಚರಿತ್ರೆಯ ಒಂದು ಅಧ್ಯಾಯ

1

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಯುದ್ಧವಿಮಾನದ ಸಿಮ್ಯುಲೇಟರ್ ನಡೆಸುವುದನ್ನು ನಾವು ಕಂಡಿದ್ದೇವೆ. ಕೈಯಲ್ಲಿ ಜಾಯ್‌ಸ್ಟಿಕ್ ಎಂಬ ಗೇಣುದ್ದದ ಹಿಡಿ. ಪರದೆಯ ಮೇಲೆ ವೈರಿಯ ವಿಮಾನ. ಗುರಿಯಿಡಲು ಹಿಡಿಯನ್ನು ಕೊಂಚ ಹಿಂದಕ್ಕೆಳೆದರೆ ವಿಮಾನದ ಮೂತಿ ಗುರಿಯನ್ನು ದಾಟಿ ಮೇಲೇರುತ್ತದೆ. ಮುಂದೊತ್ತಿದರೆ ಅಷ್ಟೇ ಕೆಳಗಿಳಿಯುತ್ತದೆ. ಹೀಗೆ ನಾಲ್ಕಾರು ಸಲ ತುಯ್ದಾಡಿದ ತರುವಾಯ ಆಡುವವನು ತನ್ನ ಕೈಯನ್ನೇ ಹಳಿದುಕೊಳ್ಳುತ್ತಾನೆ. ದೋಷವು ಕೈಯದೋ, ಯಂತ್ರದ್ದೋ? ಇದು ಆಟದ ಪ್ರಶ್ನೆಯಾಗಿ ತೋರಬಹುದು. ಆದರೆ ಇದೇ ಪ್ರಶ್ನೆಯನ್ನು ಕಳೆದ ಶತಮಾನದ ವಿಮಾನಶಿಲ್ಪಿಗಳೂ ಎದುರಿಸಿದರು. ಅದಕ್ಕೆ ಉತ್ತರ ಹುಡುಕಿದ ಮುಖ್ಯ ಸ್ಥಳಗಳಲ್ಲಿ ನಮ್ಮ ಬೆಂಗಳೂರೂ ಒಂದು. ಆ ಉತ್ತರದ ಇತಿಹಾಸವನ್ನು ಸಂಕ್ಷೇಪವಾಗಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2

ಮೊದಲು ‘ಸೂಕ್ಷ್ಮತೆ’ ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಕೈಯ ಇಂತಿಷ್ಟು ಚಲನೆಗೆ ಯಂತ್ರವು ಎಷ್ಟು ಓಗೊಡುತ್ತದೆಂಬ ಪ್ರಮಾಣವೇ ಸೂಕ್ಷ್ಮತೆ. ನಮ್ಮ ಕಡೆಯ ಒಕ್ಕಲಿಗನು ನೇಗಿಲಿನ ಮೇಳಿಯ ಮೇಲೆ ಕೈಯೂರುವಾಗ, ಎರೆಮಣ್ಣಿಗೆ ಒಂದು ಒತ್ತಡ, ಮಸಾರಿಗೆ ಇನ್ನೊಂದು ಒತ್ತಡ ಎಂಬುದನ್ನು ಬಲ್ಲನು. ಮಣ್ಣು ಅವನ ಕೈಗೆ ಮರುತ್ತರ ಕೊಡುತ್ತದೆ. ಹಳೆಯ ವಿಮಾನಗಳ ಚಾಲನದಂಡವೂ ಹಾಗೆಯೇ ಇದ್ದಿತು. ವೇಗ ಹೆಚ್ಚಿದಂತೆ ಗಾಳಿಯ ಒತ್ತಡದಿಂದ ದಂಡವು ಭಾರವಾಗುತ್ತಿತ್ತು. ಆ ಭಾರವೇ ವೈಮಾನಿಕನಿಗೆ ಎಚ್ಚರಿಕೆಯಾಗಿತ್ತು.

ಮೇಜಿನ ಮೇಲಿನ ಜಾಯ್‌ಸ್ಟಿಕ್ಕಿಗೆ ಈ ಗುಣವಿಲ್ಲ. ಅದರ ಸ್ಪ್ರಿಂಗು ಎಲ್ಲ ವೇಗಗಳಲ್ಲಿಯೂ ಒಂದೇ ಸಮನಾಗಿರುತ್ತದೆ. ಅಲ್ಲದೆ ಅದು ಗಿಡ್ಡವಾದುದರಿಂದ ಬೆರಳಿನ ಅಲ್ಪ ಚಲನೆಯೂ ದೊಡ್ಡ ಕೋನವಾಗಿ ಪರಿಣಮಿಸುತ್ತದೆ. ಈ ಕೊರತೆಯನ್ನು ತುಂಬಲು ಸಿಮ್ಯುಲೇಟರುಗಳಲ್ಲಿ ಮುಖ್ಯವಾಗಿ ಮೂರು ಹೊಂದಾಣಿಕೆಗಳಿರುತ್ತವೆ. ಒಂದು, ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದೆ ಬಿಡುವ ನಿಶ್ಚೇಷ್ಟ ವಲಯ, ಅಂದರೆ ಡೆಡ್‌ಝೋನ್. ಎರಡು, ಪೂರ್ಣ ಚಲನೆಗೆ ಮಿತಿ ಹಾಕುವ ಸ್ಯಾಚುರೇಶನ್. ಮೂರು, ಚಲನೆ ಮತ್ತು ಪ್ರತಿಕ್ರಿಯೆಗಳ ನಡುವಣ ಸರಳರೇಖೆಯನ್ನು ಬಾಗಿಸುವ ವಕ್ರರೇಖೆ.

ವಕ್ರರೇಖೆಯ ಗುಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಂಡದ ಚಲನೆಯ ಅರ್ಧಕ್ಕೆ ಅದರ ಘನದ ಅರ್ಧವನ್ನು ಕೂಡಿಸಿದರೆ ಬರುವುದನ್ನು ಪ್ರತಿಕ್ರಿಯೆಯೆಂದು ಇಟ್ಟುಕೊಳ್ಳೋಣ. ದಂಡವನ್ನು ನೂರಕ್ಕೆ 20 ಭಾಗ ಸರಿಸಿದರೆ ಪ್ರತಿಕ್ರಿಯೆಯು ನೂರಕ್ಕೆ 10.4 ಮಾತ್ರ, 50 ಭಾಗ ಸರಿಸಿದರೆ 31.25, ಪೂರ್ಣ ಸರಿಸಿದರೆ ಪೂರ್ಣ 100. ನಡುವಿನಲ್ಲಿ ಸೂಕ್ಷ್ಮತೆ ಅರ್ಧಕ್ಕಿಳಿಯಿತು, ನಿಜ. ಆದರೆ ಅಂಚಿನಲ್ಲಿ ಅದು ಇಮ್ಮಡಿಯಾಯಿತು. ನಡುವಿನಲ್ಲಿ ಉಳಿಸಿದ್ದನ್ನು ಅಂಚಿನಲ್ಲಿ ತೆರಲೇಬೇಕು. ಈ ಕಾರಣದಿಂದ ಗುರಿಯಿಡುವಾಗ ಹಿತವಾದ ವಕ್ರರೇಖೆಯು ಬಿರುಸಿನ ತಿರುವಿನಲ್ಲಿ ವೈರಿಯಾಗಬಹುದು. ಎಲ್ಲರಿಗೂ, ಎಲ್ಲ ವಿಮಾನಗಳಿಗೂ ಒಪ್ಪುವ ಒಂದೇ ಅಂಕೆಯನ್ನು ಕೇಳುವುದು ಸಲ್ಲದು.

3

ಕೃತಕ ವಿಮಾನದ ಇತಿಹಾಸವು ಅಮೇರಿಕೆಯ ಎಡ್ವಿನ್ ಲಿಂಕನಿಂದ ಹೊಸ ತಿರುವನ್ನು ಪಡೆಯಿತು. ಪಿಯಾನೋ ಮತ್ತು ಆರ್ಗನ್ ತಯಾರಕರ ಮನೆತನದವನಾದ ಅವನು, ಆರ್ಗನ್ನಿನ ತಿದಿಗಳನ್ನೇ ಬಳಸಿ 1929ರ ಸುಮಾರಿಗೆ ನೆಲದ ಮೇಲೆ ಓಲಾಡುವ ತರಬೇತಿ ಯಂತ್ರವನ್ನು ರಚಿಸಿದನು. ಮೊದಲು ಅದು ಜಾತ್ರೆಯ ಆಟಿಕೆಯಂತೆ ಕಂಡಿತು. 1934ರಲ್ಲಿ ಟಪಾಲು ಸಾಗಿಸುವಾಗ ಸೈನಿಕ ವೈಮಾನಿಕರು ಅನೇಕರು ಮಡಿದ ಮೇಲೆ ಅಲ್ಲಿನ ಸೇನೆಯು ಅಂತಹ ಆರು ಯಂತ್ರಗಳನ್ನು ಕೊಂಡಿತು. ಆಟಿಕೆಯ ಬೆಲೆಯು ಸಾವಿನ ತರುವಾಯ ತಿಳಿದುಬಂದುದು ಗಮನಾರ್ಹವಾಗಿದೆ.

ಬೆಂಗಳೂರಿನ ಪ್ರಥಮ ಪ್ರಯತ್ನವು ಬೇರೊಂದು ಬಗೆಯದು. 1940ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ಸಹಯೋಗದಿಂದ ಸ್ಥಾಪಿಸಿದ ವಿಮಾನ ಕಾರಖಾನೆಯಲ್ಲಿ, ಜರ್ಮನಿಯ ಕುರ್ಟ್ ಟಾಂಕರ ನೇತೃತ್ವದಲ್ಲಿ ‘ಮಾರುತ’ ಯುದ್ಧವಿಮಾನದ ವಿನ್ಯಾಸ ನಡೆದಾಗ, ಅದರ ಪೂರ್ಣ ಅಳತೆಯ ಕಟ್ಟಿಗೆಯ ಗ್ಲೈಡರೊಂದನ್ನು ನಿರ್ಮಿಸಿ 1959ರಲ್ಲಿ ಹಾರಿಸಲಾಯಿತು. ಎಂಜಿನ್ನಿಲ್ಲದ ಈ ವಿಮಾನವನ್ನು ಮತ್ತೊಂದು ವಿಮಾನವು ಮೇಲಕ್ಕೆಳೆದೊಯ್ಯುತ್ತಿತ್ತು. ನಿಜವಾದ ವಿಮಾನವು ಕೈಗೆ ಹೇಗೆ ಓಗೊಟ್ಟೀತೆಂಬುದನ್ನು ಮುಂಗಂಡುಕೊಳ್ಳುವುದೇ ಅದರ ಗುರಿಯಾಗಿದ್ದುದರಿಂದ, ಅದನ್ನು ಕಟ್ಟಿಗೆಯ ಸಿಮ್ಯುಲೇಟರೆಂದು ಕರೆದರೆ ತಪ್ಪಾಗಲಾರದು. ‘ಮಾರುತ’ವು 1961ರ ಜೂನ್ 17ರಂದು ಮೊದಲು ಹಾರಿತು.

4

ಚಾಲನದಂಡಕ್ಕೂ ರೆಕ್ಕೆಗೂ ಇದ್ದ ಸರಿಗೆ–ಸರಳುಗಳ ಸಂಬಂಧವು ಕಡಿದು, ನಡುವೆ ಕಂಪ್ಯೂಟರು ಬಂದಾಗ ಸೂಕ್ಷ್ಮತೆಯ ಪ್ರಶ್ನೆಯು ಉಗ್ರವಾಯಿತು. ಅಮೇರಿಕೆಯ ವೈಎಫ್-16 ವಿಮಾನವನ್ನು 1974ರ ಜನವರಿ 20ರಂದು ನೆಲದ ಮೇಲೆ ವೇಗವಾಗಿ ಓಡಿಸಿ ಪರೀಕ್ಷಿಸಲಾಗುತ್ತಿತ್ತು; ಹಾರಿಸುವ ಉದ್ದೇಶವಿರಲಿಲ್ಲ. ವಿಮಾನವು ಅಡ್ಡಡ್ಡಲಾಗಿ ಹೊಯ್ದಾಡಿ ಬಾಲದ ರೆಕ್ಕೆ ನೆಲಕ್ಕೆ ತಾಗಿತು. ಇನ್ನು ನೆಲದಲ್ಲಿರುವುದೇ ಅಪಾಯವೆಂದು ಬಗೆದ ವೈಮಾನಿಕ ಫಿಲ್ ಓಸ್ಟ್ರಿಕರ್ ಅದನ್ನು ಮೇಲಕ್ಕೆತ್ತಿ, ಕೆಲವು ನಿಮಿಷ ಹಾರಿಸಿ ಸುಖವಾಗಿ ಇಳಿಸಿದನು. ಹೊರಳುವಿಕೆಯ ಸೂಕ್ಷ್ಮತೆಯನ್ನು ಅತಿಯಾಗಿ ಇಟ್ಟುದು ಇದಕ್ಕೆ ಕಾರಣವೆಂದು ಕಂಡು, ಆ ಮೇಲೆ ಅದನ್ನು ತಗ್ಗಿಸಲಾಯಿತು. ಇದೇ ವಿಮಾನದ ದಂಡವು ಮೊದಲು ಕಿಂಚಿತ್ತೂ ಅಲುಗದೆ, ಕೈಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು. ವೈಮಾನಿಕರಿಗೆ ಅದು ಒಗ್ಗದಿರಲು ಅದಕ್ಕೆ ತುಸು ಚಲನೆಯನ್ನು ಕೊಡಬೇಕಾಯಿತು. ಕೈಗೆ ಮರುತ್ತರ ಬೇಕೆಂಬ ಒಕ್ಕಲಿಗನ ಅನುಭವವು ಇಲ್ಲಿಯೂ ದಿಟವಾಯಿತು.

ಸ್ವೀಡನ್ನಿನ ಗ್ರಿಪೆನ್ ವಿಮಾನಗಳು 1989ರ ಫೆಬ್ರುವರಿ 2ರಂದು ಹಾಗೂ 1993ರ ಆಗಸ್ಟ್ 8ರಂದು ಇಂತಹ ಓಲಾಟಕ್ಕೆ ಸಿಕ್ಕಿ ನಾಶವಾದವು. ಎರಡೂ ಸಲ ವೈಮಾನಿಕನು ಒಬ್ಬನೇ, ಲಾರ್ಸ್ ರಾಡೆಸ್ಟ್ರಾಮ್. ಎರಡೂ ಸಲ ಅವನು ಬದುಕಿ ಉಳಿದನು. ವೈಮಾನಿಕನು ತಿದ್ದಲೆಳಸಿದಷ್ಟೂ ಓಲಾಟ ಬೆಳೆಯುವ ಈ ಸ್ಥಿತಿಗೆ ‘ವೈಮಾನಿಕನಿಂದ ಹುಟ್ಟಿದ ಓಲಾಟ’ ಎಂಬರ್ಥದ ಹೆಸರು ರೂಢಿಯಲ್ಲಿದೆ. ಈ ಹೆಸರೇ ಒಂದು ತೀರ್ಪಾಗಿರುವುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು. ವಸ್ತುತಃ ಕೈಯೊಂದರಿಂದಲೇ ಅದು ಹುಟ್ಟುವುದಿಲ್ಲ. ಯಂತ್ರದ ಪ್ರತಿಕ್ರಿಯೆಯು ಕ್ಷಣಕಾಲ ತಡವಾದರೆ, ಕೈಯ ತಿದ್ದುಪಡಿಯು ಹೊತ್ತು ಮೀರಿ ತಲಪಿ ತಪ್ಪನ್ನೇ ಹೆಚ್ಚಿಸುತ್ತದೆ. ದೋಷವಿರುವುದು ಕೈಗೂ ಯಂತ್ರಕ್ಕೂ ನಡುವಣ ಕೂಡಿಕೆಯಲ್ಲಿ. 1969ರಲ್ಲಿ ಪ್ರಕಟವಾದ ಕೂಪರ್–ಹಾರ್ಪರ್ ಮಾಪನವು, ವಿಮಾನವು ಕೈಗೆ ಒಗ್ಗುವ ಬಗೆಯನ್ನು 1ರಿಂದ 10ರವರೆಗಿನ ಅಂಕಗಳಲ್ಲಿ ವೈಮಾನಿಕನಿಂದಲೇ ಹೇಳಿಸಿ, ಅವನನ್ನು ಆರೋಪಿಯ ಸ್ಥಾನದಿಂದ ಸಾಕ್ಷಿಯ ಸ್ಥಾನಕ್ಕೆ ತಂದಿತು. ಇದು ಸಾಮಾನ್ಯ ಬದಲಾವಣೆಯಲ್ಲ.

5

‘ತೇಜಸ್’ ವಿಮಾನವು ಸ್ವಭಾವತಃ ಅಸ್ಥಿರವಾದುದು. ಕಂಪ್ಯೂಟರಿನ ನೆರವಿಲ್ಲದೆ ಅದನ್ನು ಮನುಷ್ಯನು ಹಾರಿಸಲಾರನು. ಆದುದರಿಂದ ದಂಡದ ಯಾವ ಚಲನೆಗೆ ಯಾವ ಪ್ರತಿಕ್ರಿಯೆಯೆಂಬ ನಿಯಂತ್ರಣ ನಿಯಮಗಳೇ ಅದರ ಜೀವಾಳ. ಇವುಗಳ ರಚನೆಗಾಗಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಆಶ್ರಯದಲ್ಲಿ 1990ರ ದಶಕದ ಆರಂಭದಲ್ಲಿ ಒಂದು ರಾಷ್ಟ್ರೀಯ ತಂಡವು ರೂಪುಗೊಂಡಿತು. ನೆಲದ ಸಿಮ್ಯುಲೇಟರಿನಲ್ಲಿ ಜೀವಭಯವಿಲ್ಲ. ಭಯವಿಲ್ಲದ ಕೈಯು ಬಿಗಿಹಿಡಿಯುವುದಿಲ್ಲ. ಆದಕಾರಣ ಹಾರುತ್ತಲೇ ಬೇರೆ ವಿಮಾನದ ಗುಣವನ್ನು ಅನುಕರಿಸಬಲ್ಲ ಅಮೇರಿಕೆಯ ವಿಶೇಷ ಎಫ್-16 ವಿಮಾನದಲ್ಲಿ 1996ರ ಜುಲೈಯಲ್ಲಿ ಆ ನಿಯಮಗಳನ್ನು 33 ಹಾರಾಟಗಳಲ್ಲಿ ಪರೀಕ್ಷಿಸಲಾಯಿತು. 1998ರ ಮೇ ತಿಂಗಳ ಪೋಖರಣ ಪರೀಕ್ಷೆಯ ತರುವಾಯ ಅಮೇರಿಕೆಯು ನಿರ್ಬಂಧ ಹೇರಿದುದರಿಂದ ಆ ನೆರವು ನಿಂತಿತು. ಉಳಿದ ಕಾರ್ಯವನ್ನು ಬೆಂಗಳೂರಿನವರು ತಮ್ಮ ಪ್ರಯೋಗಶಾಲೆಗಳಲ್ಲಿಯೇ ಪೂರೈಸಬೇಕಾಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ ಕೋಠಿಯಾಲ್ ಅವರು ಅದನ್ನು ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿಸಿದರು. 2016ರ ಜುಲೈ 1ರಂದು ಅದು ವಾಯುಸೇನೆಯ ದಳವನ್ನು ಸೇರಿತು.

6

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಫಲಿಸುತ್ತವೆ. ಮೊದಲನೆಯದು ವಿದ್ಯಾರ್ಥಿಗಳಿಗೆ ಸಂಬಂಧಿಸಿದುದು. ದಂಡವು ನಡುವಿನಲ್ಲಿ ತಾನಾಗಿ ನಡುಗುತ್ತಿದ್ದರೆ ಮಾತ್ರ, ಆ ನಡುಕವು ನಿಲ್ಲುವಷ್ಟೇ ನಿಶ್ಚೇಷ್ಟ ವಲಯವನ್ನು ಇಡಬೇಕು. ವಕ್ರರೇಖೆಯನ್ನು ಸ್ವಲ್ಪ ಸ್ವಲ್ಪವೇ ಬಾಗಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದೇ ಪರೀಕ್ಷೆಯನ್ನು, ಅಂದರೆ ಇನ್ನೊಂದು ವಿಮಾನದ ಜೊತೆಗೆ ಸಮನಾಗಿ ಹಾರುವುದನ್ನೋ ನೆಲಕ್ಕಿಳಿಯುವುದನ್ನೋ, ಮರಳಿ ಮಾಡಿ ಫಲವನ್ನು ಬರೆದಿಡಬೇಕು. ಓಲಾಟ ಮೊದಲಾದರೆ ಕೈಯನ್ನು ಬಿಗಿಹಿಡಿಯುವುದಕ್ಕಿಂತ ಸಡಿಲಿಸುವುದೇ ಲೇಸು.

ಎರಡನೆಯದು ಅಧ್ಯಾಪಕರಿಗೆ ಸಂಬಂಧಿಸಿದುದು. ನಮ್ಮ ಜಿಲ್ಲೆಯ ಸಾಂಬ್ರಾದಲ್ಲಿ 1942ರಷ್ಟು ಹಿಂದೆಯೇ ವಿಮಾನನಿಲ್ದಾಣವಾಯಿತು. ಅಲ್ಲಿನ ವಾಯುಸೇನಾ ಶಾಲೆಯಲ್ಲಿ ಸಾವಿರಾರು ತರುಣರು ಶಿಕ್ಷಣ ಪಡೆದಿದ್ದಾರೆ. ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ ದುಡಿದ ಹಿರಿಯರು ಅನೇಕರು ಈಗ ನಿವೃತ್ತರು. ನಾವು ಶಾಸನಗಳನ್ನು ಓದಲು ಊರೂರು ಅಲೆಯುತ್ತೇವೆ, ಕಲ್ಲು ಕಾಯುತ್ತದೆ. ಮನುಷ್ಯನ ನೆನಪು ಕಾಯುವುದಿಲ್ಲ. ಯಾವ ಅಂಕೆಯನ್ನು ಏಕೆ ತಗ್ಗಿಸಿದರು, ಯಾರ ಕೈಗೆ ಏನು ಒಗ್ಗಲಿಲ್ಲ ಎಂಬುದು ಅವರ ಟಿಪ್ಪಣಿಗಳಲ್ಲಿಯೂ ಮಾತುಗಳಲ್ಲಿಯೂ ಇರುವಾಗಲೇ ಅದನ್ನು ಕನ್ನಡದಲ್ಲಿ ಬರೆದಿಡುವ ಹೊಣೆಯು ಇತಿಹಾಸ ವಿಭಾಗಗಳ ಮೇಲಿದೆಯೆಂದು ನಮ್ಮ ನಮ್ರ ಅಭಿಪ್ರಾಯ.