ಸಿಂಗಾರದ ನೀರು, ಆನೆಯ ದಾರಿ

ಬ್ಯಾಂಕಿನ ಗುಮಾಸ್ತನಿಗೆ ಎರಡು ದಿನದ ರಜೆಯೇ ದೊಡ್ಡದು. ಅಂಥದೊಂದು ರಜೆಯಲ್ಲಿ ಮಸಿನಗುಡಿಯ ದಾರಿಯಾಗಿ ಬೊಕ್ಕಾಪುರಂಗೆ ಹೋಗಿದ್ದೆ. ಮಾರಿಯಮ್ಮನ ಗುಡಿ ನೋಡಲು ಹೋದವನ ಮನಸ್ಸಿನಲ್ಲಿ ಉಳಿದದ್ದು ಒಂದು ಕಾಲುವೆ.

ಅದರ ಕತೆ ಬೆಟ್ಟದ ಮೇಲೆ ಶುರುವಾಗುತ್ತದೆ. ಪೈಕಾರಾ ಹೊಳೆಯ ನೀರನ್ನು ಗ್ಲೆನ್‌ಮಾರ್ಗನ್‌ನಿಂದ ಕೊಳವೆಗಳಲ್ಲಿ ಸಿಂಗಾರಕ್ಕೆ ಇಳಿಸಿ ವಿದ್ಯುತ್ ತೆಗೆಯತೊಡಗಿದ್ದು 1932ರಲ್ಲಿ. ಕೊಯಮತ್ತೂರಿನ ಗಿರಣಿಗಳಿಗೆ ಅದು ಶಕ್ತಿ ಕೊಟ್ಟಿತು. ಸಿಂಗಾರದಲ್ಲಿ ದುಡಿದ ನೀರನ್ನೂ ಸುಮ್ಮನೆ ಬಿಡಲಿಲ್ಲ. ಮಸಿನಗುಡಿ ಬಳಿಯ ಮರವಕಂಡಿಯಲ್ಲಿ ಅದನ್ನು ತಡೆದು, ಕಾಡಿನ ನಡುವೆ ತೆರೆದ ಕಾಲುವೆಯಲ್ಲಿ ಮೋಯಾರಿಗೆ ಒಯ್ದರು. ಅಲ್ಲಿಯ ವಿದ್ಯುದಾಗಾರ 1952ರಲ್ಲಿ ಆರಂಭವಾಯಿತು. ಒಂದೇ ನೀರಿನಿಂದ ಎರಡು ಸಲ ದುಡಿಮೆ! ಲೆಕ್ಕ ಬರೆಯುವವನಾದ ನನಗೆ ಇದು ಮೆಚ್ಚುಗೆಯಾಯಿತು. ಆದರೆ ಜಮೆಯ ಎದುರಿಗೆ ಖರ್ಚಿನ ಪುಟವೂ ಇರಬೇಕಲ್ಲವೇ?

ನೀಲಗಿರಿಯ ಗೋಡೆ ಮುಂಗಾರನ್ನು ತಡೆಯುವುದರಿಂದ ಈ ಸಿಗೂರು ಸೀಮೆ ಒಣನೆಲ, ಮುಳ್ಳುಕುರುಚಲಿನ ಕಾಡು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಮೋಯಾರಿನ ಆಳವಾದ ಕಣಿವೆ. ಮುದುಮಲೆಯಿಂದ ಸತ್ಯಮಂಗಲದತ್ತ ಸಾಗುವ ಆನೆಗಳಿಗೆ ಇವೆರಡರ ನಡುವಿನ ನೆಲವೇ ದಾರಿ. ಅಂಥ ಇಕ್ಕಟ್ಟಿನಲ್ಲಿ ಸಿಂಗಾರದ ಕೊಳವೆಗಳೂ ಮೋಯಾರಿನ ಕಾಲುವೆಯೂ ಅಡ್ಡ ಮಲಗಿವೆ. ಸೇತುವೆ ಇರುವಲ್ಲಿ ಮಾತ್ರ ದಾಟಬೇಕು.

ಹಳ್ಳವೂ ನೀರೇ, ಕಾಲುವೆಯೂ ನೀರೇ. ಆದರೆ ಸಿಗೂರು ಹಳ್ಳದ ದಡದಲ್ಲಿ ಹೊಳೆಮತ್ತಿ ಮರಗಳಿವೆ. ಅವುಗಳ ಮೇಲೆ ಬಿಳಿಬೆನ್ನಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಮದ್ದಿನಿಂದ ದೇಶದಲ್ಲೆಲ್ಲ ಅಳಿದುಹೋಗುತ್ತಿದ್ದ ಹಕ್ಕಿ ಅದು. 2006ರಲ್ಲಿ ಆ ಮದ್ದನ್ನು ನಿಷೇಧಿಸಿದರು. ಹಳ್ಳದ ಇಳಿಜಾರಿನಲ್ಲಿ ಕಡವೆ, ಜಿಂಕೆ ನೀರಿಗೆ ಇಳಿದು ಹತ್ತುತ್ತವೆ. ನೆಟ್ಟಗೆ ಕಟ್ಟಿದ ಕಾಲುವೆಯ ಅಂಚಿನಲ್ಲಿ ಆ ಸಲುಗೆಯಿಲ್ಲ.

ತಮಿಳುನಾಡು ಸರಕಾರ 2010ರಲ್ಲಿ ಇಲ್ಲಿ ಆನೆ ಕಾರಿಡಾರ್ ಘೋಷಿಸಿತು. ಸುಪ್ರೀಂ ಕೋರ್ಟು 2020ರಲ್ಲಿ ಅದನ್ನು ಎತ್ತಿಹಿಡಿಯಿತು. ರೆಸಾರ್ಟು, ಬೇಲಿಗಳ ಮಾತು ಬಹಳ ನಡೆಯಿತು. ಕಾಲುವೆಯನ್ನು ಹಾಗೆ ತೆಗೆಸಲಾಗದು. ಅದರಿಂದ ಬರುವ ಬೆಳಕು ಎಲ್ಲರಿಗೂ ಬೇಕು. ಹಾಗಿದ್ದರೆ, ಮಣ್ಣು ಹಾಸಿ ಹುಲ್ಲು ಬೆಳೆದ ಅಗಲವಾದ ಸೇತುವೆಗಳನ್ನಾದರೂ ಹೆಚ್ಚಿಸುವುದು ನಮ್ಮ ಸಾಲ ತೀರಿಸುವ ಬಗೆ.

ಆ ಕಾಡಿನಲ್ಲಿ ಸಿಗೂರು ಹಳ್ಳ, ಅವರಹಳ್ಳ ಎಂಬ ಹೆಸರುಗಳನ್ನು ಕೇಳಿ ನನಗೆ ಹಿಗ್ಗಾಯಿತು. ರಾಜ್ಯದ ಗೆರೆ ಆಚೆ ಬಿದ್ದರೂ ಕನ್ನಡದ ಹಳ್ಳ ಹರಿಯುತ್ತಲೇ ಇದೆ. 1956ರಲ್ಲಿ ಎಳೆದ ಗೆರೆಯ ಈಚೆ ಉಳಿದ ನಮಗೆ, ದಾರಿಗೆ ಅಡ್ಡ ಗೆರೆ ಬಿದ್ದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ನಾವಾದರೋ ಅರ್ಜಿ ಬರೆಯುತ್ತೇವೆ. ಆನೆ ಕಾಲುವೆಯ ದಂಡೆಯಲ್ಲಿ ಸೇತುವೆ ಹುಡುಕುತ್ತ ನಡೆಯುತ್ತದೆ.