ಬುಲೆಟ್ ಹೆಚ್ಚೋ, ಜಾವಾ ಹೆಚ್ಚೋ?



ಬಲಿಷ್ಠ ಮೋಟಾರ್ ಸೈಕಲ್‌ಗಳನ್ನು ಒಂದಕ್ಕೊಂದು ಹೋಲಿಸಿ ವಾದಿಸುವುದು ಇಂದಿನ ತರುಣರ ಮೆಚ್ಚಿನ ಕಾಲಕ್ಷೇಪ. ಟ್ರಯಂಫ್ ಕಂಪನಿಯ ರಾಕೆಟ್ 3 ಎಂಬ ವಾಹನದ ಎಂಜಿನ್ 2458 ಸಿ.ಸಿ. ಎಂದು ಓದಿದಾಗ, ಗಣಿತದ ಮಾಸ್ತರನಾದ ನಾನು ಸುಮ್ಮನಿರಲಾರದೆ ಭಾಗಿಸಿ ನೋಡಿದೆ. ನಮ್ಮ ಕಾಲದ ಏಳು ಬುಲೆಟ್‌ಗಳ ಎಂಜಿನ್ ಅದರಲ್ಲಿ ಅಡಗುತ್ತದೆ! ಆದರೆ ವಾದವೇನೂ ಹೊಸದಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಚಹಾದ ಅಂಗಡಿಗಳಲ್ಲಿ ಕೇಳಿಬರುತ್ತಿದ್ದ ಪ್ರಶ್ನೆಯೂ ಇದೇ: ಬುಲೆಟ್ ಹೆಚ್ಚೋ, ಜಾವಾ ಹೆಚ್ಚೋ?

ಎರಡೂ ಪರದೇಶದ ಬೀಜಗಳೇ. ಬುಲೆಟ್ ಇಂಗ್ಲೆಂಡಿನ ರೆಡ್ಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯದು. ಐವತ್ತರ ದಶಕದ ಆರಂಭದಲ್ಲಿ ನಮ್ಮ ಸೈನ್ಯವು ಗಡಿಗಸ್ತಿಗೆಂದು ಅದನ್ನು ಆರಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಜಾವಾ ಚೆಕೊಸ್ಲೊವಾಕಿಯಾದ್ದು. 1929ರಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಈ ನಾಮಕರಣ ಮಾಡಿದ. ಆ ಕಂಪನಿಯ ಪರವಾನಗಿಯೊಂದಿಗೆ ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಿಂದ ಅಲ್ಲಿ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಹೆಸರು ಯಜ್ಡಿ ಎಂದಾಯಿತು. ನಮ್ಮವರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ಜಾವಾ ಗಾಡಿಯೇ.

ಈಗ ಬಲದ ಮಾತು. ಬುಲೆಟ್ 346 ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್; ಅಚ್ಚು ಎರಡು ಸುತ್ತು ತಿರುಗಿದಾಗ ಒಮ್ಮೆ ಉರಿಯುತ್ತದೆ. ಜಾವಾ ಸುಮಾರು 250 ಸಿ.ಸಿ.ಯ ಟೂ ಸ್ಟ್ರೋಕ್. ಪ್ರತಿ ಸುತ್ತಿಗೂ ಉರಿಯುತ್ತದೆ. ಆದುದರಿಂದಲೇ ಗಾತ್ರದಲ್ಲಿ ಕಿರಿದಾದರೂ, 1978ರಲ್ಲಿ ಬಂದ ಯಜ್ಡಿ ರೋಡ್‌ಕಿಂಗ್ ಸುಮಾರು 16 ಅಶ್ವಶಕ್ತಿ ಕೊಡುತ್ತಿತ್ತು. ಬುಲೆಟ್ಟಿನದು ಸುಮಾರು 18 ಮಾತ್ರ. ಕಾಗದದ ಮೇಲಿನ ಅಂತರ ಇಷ್ಟೇ. ಆದರೆ ಬುಲೆಟ್ ನಿಧಾನವಾಗಿ ತಿರುಗುತ್ತಲೇ ಭಾರ ಎಳೆಯುವ ಎತ್ತು. ಜಾವಾ ಓಡಿಸಿದಷ್ಟೂ ಹುರುಪು ತೋರುವ ಕುದುರೆ. ಗುಳೇದಗುಡ್ಡದ ಏರು ಹತ್ತುವಾಗ ಬುಲೆಟ್ ಗೇರು ಬದಲಿಸದೆ ಗುಡುಗುಡಿಸುತ್ತ ಸಾಗಿದರೆ, ಜಾವಾದವನು ಕೆಳಗಿನ ಗೇರಿಗೆ ಇಳಿಸಿ ಆಕ್ಸಿಲರೇಟರ್ ತಿರುವಬೇಕಿತ್ತು.

ಚಾಲೂ ಮಾಡುವ ವಿದ್ಯೆಯೂ ಬೇರೆಬೇರೆ. ಬುಲೆಟ್ಟಿನ ಆಂಪಿಯರ್ ಮುಳ್ಳನ್ನು ನಟ್ಟನಡುವೆ ತಂದು, ಡಿಕಂಪ್ರೆಷನ್ ಹಿಡಿ ಒತ್ತಿ, ಬಳಿಕ ಒದೆಯಬೇಕು. ಅವಸರ ಮಾಡಿದವನ ಕಾಲಿಗೆ ಕಿಕ್ ತಿರುಗಿ ಬಡಿಯುತ್ತಿತ್ತು. ಜಾವಾದಲ್ಲಿ ಕಿಕ್ ಮತ್ತು ಗೇರಿಗೆ ಒಂದೇ ಸನ್ನೆ! ಒಳಗೆ ಒತ್ತಿ ತಿರುಗಿಸಿದರೆ ಕಿಕ್, ಬಿಟ್ಟರೆ ಗೇರು. ಇಷ್ಟು ಮಿತವ್ಯಯದ ಜಾಣತನವನ್ನು ಬೇರೆ ಯಂತ್ರದಲ್ಲಿ ನಾನು ಕಂಡಿಲ್ಲ. ಜಾವಾದ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಬುಲೆಟ್ಟಿನಲ್ಲಿ ಇದು ಅದಲುಬದಲು. ಒಂದರಿಂದ ಇನ್ನೊಂದಕ್ಕೆ ಹತ್ತಿದವನು ಬ್ರೇಕೆಂದು ಗೇರು ತುಳಿದು ಬೇಲಿ ಸೇರಿದ ಪ್ರಸಂಗಗಳು ಊರೂರಿಗೂ ಇದ್ದವು.

ಸವಾರರ ಜಾತಕವೂ ಬೇರೆ. ಬುಲೆಟ್ ಎಂದರೆ ಪೊಲೀಸರು, ಗೌಡರು, ಇಳಕಲ್ಲಿನ ಕಲ್ಲುಗಣಿಯ ಧಣಿಗಳು. ಜಾವಾ ಎಂದರೆ ಹಿಂದಿನ ಆಸನಕ್ಕೆ ಸೀರೆಯ ಗಂಟು ಬಿಗಿದ ವ್ಯಾಪಾರಿಗಳು, ದನದ ಡಾಕ್ಟರು, ನಮ್ಮಂತಹ ಮಾಸ್ತರರು. ಬನಶಂಕರಿ ಜಾತ್ರೆಗೆ ನಮ್ಮ ಸೋದರಮಾವನವರ ಬುಲೆಟ್ಟಿನ ಹಿಂದೆ ಕುಳಿತು ಹೋದಾಗ ಜನ ತಾವಾಗಿ ದಾರಿ ಬಿಡುತ್ತಿದ್ದರು. ಜಾವಾಕ್ಕೆ ಯಾರೂ ಬಿಡುತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ಹುನಗುಂದದ ಎರೆಭೂಮಿಯ ಮಣ್ಣು ಗಾಲಿ ಮತ್ತು ಮಡ್‌ಗಾರ್ಡ್‌ಗಳ ನಡುವೆ ಮೆತ್ತಿ ಚಕ್ರ ಹಿಡಿದಾಗ, ಇಳಿದು ತಳ್ಳಬೇಕಾದವನು ಹಗುರವಾದ ಜಾವಾದವನೇ ಆಗಿದ್ದರೆ ಪುಣ್ಯವಂತ. ಜಾವಾದ ದೋಷವೆಂದರೆ ಪೆಟ್ರೋಲಿನೊಂದಿಗೆ ಎಣ್ಣೆ ಬೆರೆಸುವ ತಾಪತ್ರಯ ಮತ್ತು ಬೆನ್ನ ಹಿಂದೆ ಬಿಡುವ ನೀಲಿ ಹೊಗೆ.

ಆ ಹೊಗೆಯೂ ಹೊಟ್ಟೆಬಾಕತನವೂ ಅದರ ಅಂತ್ಯಕ್ಕೆ ಕಾರಣವಾದವೆಂದು ನನ್ನ ತರ್ಕ. 1984–85ರ ಸುಮಾರಿಗೆ ಜಪಾನಿನ ಸಹಯೋಗದ 100 ಸಿ.ಸಿ. ಗಾಡಿಗಳು ಬಂದವು. ಅದೇ ಪೆಟ್ರೋಲಿನಲ್ಲಿ ದೂರ ಸಾಗುವ ಹೀರೋ ಹೋಂಡಾ ಸಿಗುವಾಗ ಸೀರೆ ವ್ಯಾಪಾರಿ ಜಾವಾ ಏಕೆ ಕೊಂಡಾನು? ಮಾಸ್ತರರೂ ಕೊಳ್ಳಲಿಲ್ಲ. ಹೊಗೆಯ ನಿಯಮಗಳು ಬಿಗಿಯಾದ 1996ರಲ್ಲೇ ಮೈಸೂರಿನ ಕಾರ್ಖಾನೆ ಮುಚ್ಚಿತು. ಬುಲೆಟ್ಟೂ ಸುಖವಾಗಿರಲಿಲ್ಲ, 1994ರಲ್ಲಿ ಐಷರ್ ಕಂಪನಿಯ ಪಾಲಾಗಿ, 2000ದ ಸುಮಾರಿಗೆ ಮುಳುಗುವ ಹಂತ ಮುಟ್ಟಿತ್ತು. ಆದರೆ ಅದಕ್ಕೆ ಸೈನ್ಯ, ಪೊಲೀಸು ಎಂಬ ಖಾಯಂ ಗಿರಾಕಿಗಳಿದ್ದರು. ಜಾವಾದ ಗಿರಾಕಿ ಸಂಬಳದ ದಿನ ಲೆಕ್ಕ ಹಾಕುವವನು. ಬಲದಿಂದ ಬುಲೆಟ್ ಗೆದ್ದಿತೆಂದು ಹೇಳುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

2018ರಲ್ಲಿ ಜಾವಾ, 2022ರಲ್ಲಿ ಯಜ್ಡಿ ಎಂಬ ಹೆಸರುಗಳು ಪುನಃ ಮಾರುಕಟ್ಟೆಗೆ ಬಂದವು. ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ ಈಗ ಫೋರ್ ಸ್ಟ್ರೋಕ್. ಎಣ್ಣೆ ಬೆರೆಸುವಂತಿಲ್ಲ, ನೀಲಿ ಹೊಗೆಯಿಲ್ಲ. ಕಿಕ್ಕನ್ನೂ ಗೇರನ್ನೂ ಒಂದಾಗಿಸಿದ ಆ ಸನ್ನೆಯೂ ಇಲ್ಲ.