ಪ್ರಾಣಿದಯಾ ಚಳವಳಿಯಲ್ಲಿ ಪ್ರೇರಣೆ ಮತ್ತು ವಿಶ್ವಾಸ: ಲಂಡನ್ ಸಂಘದ ಮೊದಲ ಎಂಟು ವರ್ಷಗಳು (೧೮೨೪-೧೮೩೨)

ಸಾರ್ವಜನಿಕ ಚಳವಳಿಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳನ್ನೂ ನಿರ್ಣಯಗಳನ್ನೂ ಆಧಾರವಾಗಿಟ್ಟುಕೊಳ್ಳುತ್ತಾರೆ. ಅವುಗಳಿಗಾಗಿ ದುಡಿದವರು ಯಾವ ಪ್ರೇರಣೆಯಿಂದ ಒಂದುಗೂಡಿದರು, ಒಬ್ಬರನ್ನೊಬ್ಬರು ಎಷ್ಟರಮಟ್ಟಿಗೆ ನಂಬಿದರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಪ್ರಾಣಿಗಳ ಪರವಾದ ಚಳವಳಿಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವುಂಟು. ಇತರ ಚಳವಳಿಗಳಲ್ಲಿ ನೊಂದವರೇ ಮುಂದೆ ಬಂದು, ತಮ್ಮ ಪರವಾಗಿ ದುಡಿಯುವವರ ಪ್ರಾಮಾಣಿಕತೆಯನ್ನು ಒರೆಗೆ ಹಚ್ಚಬಲ್ಲರು. ಮೂಕಪ್ರಾಣಿಗಳಿಗೆ ಆ ಶಕ್ತಿಯಿಲ್ಲ. ಆದಕಾರಣ ಕಾರ್ಯಕರ್ತರೇ ಪರಸ್ಪರರಿಗೆ ಒರೆಗಲ್ಲಾಗಬೇಕಾಗುತ್ತದೆ. ಲಂಡನ್ನಿನ ಪ್ರಾಣಿಹಿಂಸಾ ನಿವಾರಣ ಸಂಘದ ಆರಂಭದ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಇಂಗ್ಲೆಂಡಿನಲ್ಲಿ ಈ ಬಗೆಯ ಶಾಸನಕ್ಕಾಗಿ ನಡೆದ ಮೊದಲ ಯತ್ನಗಳು ಸಫಲವಾಗಲಿಲ್ಲ. ೧೮೦೯ರಲ್ಲಿ ಲಾರ್ಡ್ ಅರ್ಸ್ಕಿನ್ ಮಂಡಿಸಿದ ಮಸೂದೆ ಪ್ರಭುಗಳ ಸಭೆಯಲ್ಲಿ ಅಂಗೀಕಾರ ಪಡೆದರೂ ಕಾಮನ್ಸ್ ಸಭೆಯಲ್ಲಿ ಬಿದ್ದುಹೋಯಿತು. ೧೮೨೨ರಲ್ಲಿ ಐರ್ಲೆಂಡಿನ ಗಾಲ್ವೇ ಕ್ಷೇತ್ರದ ಸದಸ್ಯ ರಿಚರ್ಡ್ ಮಾರ್ಟಿನ್ ತನ್ನ ಮಸೂದೆಯನ್ನು ಗೆಲ್ಲಿಸಿಕೊಂಡನು. ಕುದುರೆ, ಕತ್ತೆ, ಹಸು, ಎತ್ತು, ಕುರಿ ಮುಂತಾದವನ್ನು ಕ್ರೂರವಾಗಿ ಹಿಂಸಿಸುವವರಿಗೆ ಐದು ಪೌಂಡುಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿತ್ತು. ನಾಯಿ, ಬೆಕ್ಕುಗಳಿಗೆ ರಕ್ಷಣೆಯಿರಲಿಲ್ಲ. ಮಾರ್ಟಿನ್ ಶಾಂತಸ್ವಭಾವದ ಸಂತನಲ್ಲ. ದ್ವಂದ್ವಯುದ್ಧಗಳಿಗೆ ಹೆಸರಾಗಿದ್ದ ಜಮೀನುದಾರ. ಆದರೂ ತಾನೇ ಬೀದಿಗಿಳಿದು ಅಪರಾಧಿಗಳನ್ನು ನ್ಯಾಯಾಲಯಕ್ಕೆ ಎಳೆದನು. ಪತ್ರಿಕೆಗಳ ಪರಿಹಾಸ್ಯವನ್ನು ಲೆಕ್ಕಿಸಲಿಲ್ಲ.

ಶಾಸನವಿದ್ದ ಮಾತ್ರಕ್ಕೆ ಅದು ಜಾರಿಗೆ ಬರುವುದಿಲ್ಲ. ತಪ್ಪನ್ನು ಕಣ್ಣಾರೆ ಕಂಡು ದೂರು ಕೊಡುವವರು ಬೇಕು. ಈ ಕೊರತೆಯನ್ನು ತುಂಬಲೆಂದು ಆರ್ಥರ್ ಬ್ರೂಮ್ ಎಂಬ ಪಾದ್ರಿ ೧೮೨೪ರ ಜೂನ್ ೧೬ರಂದು ಲಂಡನ್ನಿನ ಓಲ್ಡ್ ಸ್ಲಾಟರ್ಸ್ ಕಾಫಿಗೃಹದಲ್ಲಿ ಸಭೆ ಕರೆದನು. ಫೊವೆಲ್ ಬಕ್ಸ್‌ಟನ್ ಅಧ್ಯಕ್ಷತೆ ವಹಿಸಿದನು. ಗುಲಾಮಗಿರಿಯ ವಿರೋಧಿ ವಿಲ್ಬರ್‌ಫೋರ್ಸ್ ಸಹ ಅಲ್ಲಿದ್ದನು. ಬ್ರೂಮ್ ಸಂಘದ ಮೊದಲ ಕಾರ್ಯದರ್ಶಿಯಾದನು. ಅವನಿಗೆ ಇದು ಕ್ರೈಸ್ತಧರ್ಮದ ಕರ್ತವ್ಯವಾಗಿತ್ತು. ಬಕ್ಸ್‌ಟನ್ ಪ್ರಾಣಿಗಳ ಪರವಾಗಿ ನಿಂತರೂ ಬೇಟೆಯಲ್ಲಿ ಆಸಕ್ತನಾಗಿದ್ದನು. ಸಂಘದ ಮತ್ತೊಬ್ಬ ಪ್ರಮುಖ ಲೂಯಿಸ್ ಗೊಂಪರ್ಟ್ಸ್ ಯೆಹೂದ್ಯನು. ಯಂತ್ರೋಪಕರಣಗಳನ್ನು ಕಲ್ಪಿಸುವುದರಲ್ಲಿ ನಿಪುಣನು. ಅವನು ಮಾಂಸವನ್ನಷ್ಟೇ ಅಲ್ಲದೆ ಹಾಲು, ಮೊಟ್ಟೆಗಳನ್ನೂ ತ್ಯಜಿಸಿದ್ದನು. ಕುದುರೆ ಹೂಡಿದ ಗಾಡಿಯನ್ನು ಏರುತ್ತಿರಲಿಲ್ಲ. ಮನುಷ್ಯರ ಮತ್ತು ಪ್ರಾಣಿಗಳ ಸ್ಥಿತಿಯನ್ನು ನೀತಿದೃಷ್ಟಿಯಿಂದ ವಿಚಾರಿಸುವ ಗ್ರಂಥವೊಂದನ್ನು ೧೮೨೪ರಲ್ಲಿಯೇ ಪ್ರಕಟಿಸಿದ್ದನು. ಹೀಗೆ ಒಬ್ಬನಿಗೆ ಧರ್ಮಶ್ರದ್ಧೆ, ಒಬ್ಬನಿಗೆ ಸಹಜವಾದ ಕರುಣೆ, ಇನ್ನೊಬ್ಬನಿಗೆ ತರ್ಕಬದ್ಧವಾದ ನೀತಿವಿಚಾರ ಪ್ರೇರಣೆಯಾಗಿತ್ತು.

ಇಷ್ಟು ಭಿನ್ನವಾದ ಪ್ರೇರಣೆಗಳು ಒಂದೇ ಸಂಘದಲ್ಲಿ ನೆಲೆಸಲು ಸಾಧ್ಯವಾದದ್ದು ಹೇಗೆ? ಅವರೆಲ್ಲರೂ ಕಷ್ಟವನ್ನು ಹಂಚಿಕೊಂಡರೆಂಬುದೇ ಇದಕ್ಕೆ ಉತ್ತರವೆಂದು ತೋರುತ್ತದೆ. ಬ್ರೂಮ್ ಸಂಘದ ಕೆಲಸಕ್ಕಾಗಿ ತನ್ನ ಪಾದ್ರಿಯ ವೃತ್ತಿಯನ್ನೇ ಬಿಟ್ಟಿದ್ದನು. ಮಾರುಕಟ್ಟೆಗಳನ್ನೂ ಬೀದಿಗಳನ್ನೂ ಕಾಯಲು ಸ್ವಂತ ಹಣದಿಂದ ಮೇಲ್ವಿಚಾರಕರನ್ನು ನೇಮಿಸಿದ್ದನು. ಆದಾಯ ಸಾಲದೆ ಸಂಘ ಸಾಲದಲ್ಲಿ ಮುಳುಗಿತು. ಕಾರ್ಯದರ್ಶಿಯೇ ಅದಕ್ಕೆ ಹೊಣೆಯಾದ್ದರಿಂದ ೧೮೨೬ರಲ್ಲಿ ಬ್ರೂಮ್ ಸೆರೆಮನೆ ಸೇರಬೇಕಾಯಿತು. ಆಗ ಹಣ ಒದಗಿಸಿ ಅವನನ್ನು ಬಿಡಿಸಿದವರು ಮಾರ್ಟಿನ್ ಮತ್ತು ಗೊಂಪರ್ಟ್ಸ್. ಕ್ರೈಸ್ತ ಪಾದ್ರಿಯೊಬ್ಬನ ಬಿಡುಗಡೆಗೆ ಯೆಹೂದ್ಯನೊಬ್ಬನು ನೆರವಾದ ಈ ಸಂಗತಿ ವಿಶೇಷವಾಗಿ ಸ್ಮರಣೀಯ. ಮುಂದೆ ಮಾರ್ಟಿನ್ ೧೮೨೭ರಲ್ಲಿ ಪಾರ್ಲಿಮೆಂಟಿನ ಸ್ಥಾನವನ್ನು ಕಳೆದುಕೊಂಡು, ಸಾಲದ ದೆಸೆಯಿಂದ ಫ್ರಾನ್ಸಿನ ಬುಲೋನ್ ನಗರವನ್ನು ಸೇರಿದನು. ಸಂಘದ ಭಾರವೆಲ್ಲವೂ ಗೊಂಪರ್ಟ್ಸ್‌ನ ಹೆಗಲಿಗೆ ಬಿತ್ತು. ಕಾರ್ಯದರ್ಶಿಯಾಗಿ ಅದನ್ನು ಅಳಿವಿನಿಂದ ಉಳಿಸಿದ ಕೀರ್ತಿ ಅವನದು.

ಇಂಥವನ ಮೇಲೆಯೇ ೧೮೩೨ರಲ್ಲಿ ಅವಿಶ್ವಾಸ ತಲೆಯೆತ್ತಿತು. ಪ್ರಾಚೀನ ಗ್ರೀಸಿನ ಪೈಥಾಗೊರಸನ ಮತವನ್ನು ಬೋಧಿಸುತ್ತಿರುವನೆಂದು ಅವನ ಶಾಕಾಹಾರದ ವಿಚಾರಗಳನ್ನು ಆಕ್ಷೇಪಿಸಿದರು. ಸಂಘವು ಕ್ರೈಸ್ತಶ್ರದ್ಧೆ ಮತ್ತು ಕ್ರೈಸ್ತತತ್ತ್ವಗಳ ಮೇಲೆಯೇ ನಿಂತಿದೆಯೆಂಬ ನಿರ್ಣಯ ಅಂಗೀಕೃತವಾಯಿತು. ಯೆಹೂದ್ಯನಾದ ಕಾರ್ಯದರ್ಶಿಗೆ ಅಲ್ಲಿ ಸ್ಥಳವುಳಿಯಲಿಲ್ಲ, ಗೊಂಪರ್ಟ್ಸ್ ಹೊರಬಂದನು. ಸಮಿತಿಯ ಪರವಾಗಿಯೂ ಒಂದು ಮಾತನ್ನು ಹೇಳಬಹುದು. ವಂತಿಗೆಯಿಂದ ಬದುಕುವ ಸಂಘವು ದಾನಿಗಳ ಮನೋಭಾವವನ್ನು ಅಲಕ್ಷಿಸುವುದು ಸುಲಭವಲ್ಲ. ದಾನಿಗಳಲ್ಲಿ ಮಾಂಸಾಹಾರಿಗಳೂ ಬೇಟೆಗಾರರೂ ಇದ್ದರು. ಆದರೆ ಗೊಂಪರ್ಟ್ಸ್‌ನ ವಿಚಾರಗಳು ೧೮೨೪ರಿಂದಲೇ ಮುದ್ರಣದಲ್ಲಿದ್ದವು. ಅವನ ಮತವೂ ಗುಟ್ಟಾಗಿರಲಿಲ್ಲ. ಸಾಲ ತೀರಿಸುವ ಕಾಲಕ್ಕೆ ಅಡ್ಡಿಯಾಗದ ಭಿನ್ನತೆ, ಸಂಘ ಚೇತರಿಸಿಕೊಂಡ ಮೇಲೆ ಅಪರಾಧವಾಯಿತು.

ಹೊರಬಂದ ಗೊಂಪರ್ಟ್ಸ್ ಸುಮ್ಮನಿರಲಿಲ್ಲ. 'ಪ್ರಾಣಿಮಿತ್ರ ಸಂಘ'ವನ್ನು ಕಟ್ಟಿ, ಅದಕ್ಕೊಂದು ಪತ್ರಿಕೆಯನ್ನೂ ನಡೆಸಿದನು. ೧೮೪೬ರಲ್ಲಿ ಅನಾರೋಗ್ಯದಿಂದ ಅವನು ನಿವೃತ್ತನಾದ ಬಳಿಕ ಆ ಸಂಘ ಕ್ಷೀಣಿಸಿತು. ಹಳೆಯ ಸಂಘವಾದರೋ ಬೆಳೆಯಿತು. ೧೮೩೫ರ ಶಾಸನದಿಂದ ನಾಯಿಗಳಿಗೂ ರಕ್ಷಣೆ ದೊರೆತು, ಹೋರಿಕಾಳಗ, ಕೋಳಿಅಂಕಗಳು ನಿಷಿದ್ಧವಾದವು. ೧೮೪೦ರಲ್ಲಿ ವಿಕ್ಟೋರಿಯಾ ರಾಣಿಯಿಂದ 'ರಾಯಲ್' ಎಂಬ ಬಿರುದೂ ಲಭಿಸಿತು. ಬ್ರೂಮ್ ಮಾತ್ರ ೧೮೩೭ರಲ್ಲಿ ಅಜ್ಞಾತನಾಗಿಯೇ ತೀರಿಕೊಂಡನು.

ಆದ್ದರಿಂದ ಪರಸ್ಪರ ವಿಶ್ವಾಸವಿಲ್ಲದೆ ಸಂಸ್ಥೆ ಬೆಳೆಯದೆಂದು ಹೇಳುವಂತಿಲ್ಲ, ಬೆಳೆದದ್ದುಂಟು. ನಷ್ಟವಾದದ್ದು ಬೇರೆ. ಆಹಾರ, ಬೇಟೆ, ದುಡಿಮೆಗಳ ಬಗೆಗೆ ಗೊಂಪರ್ಟ್ಸ್ ಎತ್ತಿದ ಕಠಿಣ ಪ್ರಶ್ನೆಗಳು ಅವನೊಡನೆಯೇ ಸಂಘದ ಹೊರಗೆ ಹೋದವು. ಸಹೋದ್ಯೋಗಿಯ ದಯೆ ಯಾವ ಮೂಲದಿಂದ ಹರಿಯುತ್ತದೆಂದು ವಿಚಾರಿಸದೆ, ಅದು ಕಾರ್ಯದಲ್ಲಿ ಕಂಡುಬರುವುದೇ ಎಂದು ಮಾತ್ರ ನೋಡುತ್ತಿದ್ದ ಕಾಲದಲ್ಲಿ ಈ ಚಳವಳಿಗೆ ಪಾದ್ರಿ, ಜಮೀನುದಾರ, ಯೆಹೂದ್ಯ ತತ್ತ್ವಚಿಂತಕ ಮೂವರೂ ದೊರೆತಿದ್ದರು. ೧೮೩೨ರ ನಿರ್ಣಯ ಆ ಅಳತೆಗೋಲನ್ನು ಬದಲಿಸಿತು. ಸಂಘವು ಆ ವರ್ಷ ಕಳೆದುಕೊಂಡದ್ದು ತನ್ನನ್ನು ಉಳಿಸಿದವನನ್ನೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಲಾಗದು.